ಕೂಲಿಕಾರರ ಮಕ್ಕಳಿಗೆ ಬಾಗಿಲು ತೆರೆದ ಡಾಕ್ಟರಮ್ಮ, ಫೀಸಿನ ಬೋರ್ಡಾದ ಆಕೆಯ ಹೆಸರು

ಮಂಡ್ಯ ಸೀಮೆಯಲ್ಲಿ ಮಗು ಶಾಲೆಗೆ ತಯಾರಾಗಿದೆಯಾ ಇಲ್ವಾ ಅಂತ ತೀರ್ಮಾನ ಮಾಡೋಕೆ ಒಂದು ಕಾಲಕ್ಕೆ ಒಂದೇ ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು. ಮುಟ್ಟದಿದ್ದರೆ ಇನ್ನೊಂದು ವರ್ಷ ಕರು ಮೇಯಿಸ್ಕೊಂಡು ಇರು ಅಂತ ವಾಪಸ್. ಹುಟ್ಟಿದ ದಿನ ಬಹಳ ಮನೆಗಳಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ಶಾಲೆ ಶುರುವಾಗುವ ತಿಂಗಳಿಗೆ ಹೊಂದುವಂತೆ ಮೇಷ್ಟ್ರೇ ಒಂದು ತಾರೀಕು ಬರ್ಕೊಳ್ತಿದ್ರು. ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಜೂನ್ ತಿಂಗಳಲ್ಲೇ ಹುಟ್ಟಿರೋದರ ಗುಟ್ಟು ಇದು.

ನಗುವ ವಿಷಯವೇನಲ್ಲ. ಸಣ್ಣ ಮಕ್ಕಳ ತಲೆ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿನಲ್ಲಿ ಕೈ ಬೆಳೆದು ಆ ಲೆಕ್ಕ ಬದಲಾಗುತ್ತದೆ. ಕಾಗದಪತ್ರ ಇಲ್ಲದ ಕಾಲದಲ್ಲಿ ಆರು ವರ್ಷ ಅಳೆಯೋಕೆ ಅದು ಒರಟಾದರೂ ಕೆಟ್ಟ ಅಳತೆಯಾಗಿರಲಿಲ್ಲ. ಓದಿದ ಮನೆಯ ಮಗುವಿಗೂ ಜೀತದ ಮನೆಯ ಮಗುವಿಗೂ ಒಂದೇ ಕಿವಿ, ಒಂದೇ ಕೈ ಅನ್ನೋದು ಅದರ ಇನ್ನೊಂದು ಗುಣ.

ಆತಗೂರು ಮದ್ದೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅಲ್ಲಾಗಲಿ, ಪಕ್ಕದ ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಾಗಲಿ ಇವತ್ತು ಕಿವಿ ಮುಟ್ಟಿಸಿ ನೋಡುವ ಅಗತ್ಯ ಇಲ್ಲ. ಜನನ ಪ್ರಮಾಣಪತ್ರ ಇದೆ, ಆಧಾರ್ ಇದೆ. ಆದರೆ ಪ್ರಶ್ನೆ ಮಾತ್ರ ಆರು ವರ್ಷದಿಂದ ಮೂರೂವರೆಗೆ ಇಳಿದಿದೆ. ಕೂಸನ್ನು ಊರಿನ ಅಂಗನವಾಡಿಯಲ್ಲೇ ಇನ್ನೊಂದು ವರ್ಷ ಬಿಡೋದಾ, ಟೈ ಶೂ ಹಾಕಿ ವ್ಯಾನ್ ಹತ್ತಿಸಿ ಪೇಟೆಯ ಎಲ್‌ಕೆಜಿಗೆ ಕಳಿಸೋದಾ? ಬಣ್ಣದ ಹೆಸರು ಹೇಳುತ್ತಾ, ಎಬಿಸಿಡಿ ಬರುತ್ತಾ, ಅಳದೆ ಕೂರುತ್ತಾ ಅಂತ ಕೇಳುವ ಶಾಲೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸುವ ಯಾವ ಕ್ರಮವೂ ಕೂಡದು ಅನ್ನುತ್ತದೆ. ಇಂಟರ್‌ವ್ಯೂ ಅನ್ನೋ ಹೆಸರು ಬಿಟ್ಟು ‘ಮಾತುಕತೆ’ ಅಂದರೆ ಸಾಕು, ನಡೆದುಹೋಗುತ್ತದೆ.

ಸರ್ಕಾರದ ಕಡೆಯಿಂದಲೂ ಗೊಂದಲಕ್ಕೆ ಕಡಿಮೆಯಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲಿ ಆದೇಶ ಬಂತು. ಜಾರಿಯನ್ನು ಮುಂದೂಡಿದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ, ಐದು ವರ್ಷ ಐದು ತಿಂಗಳಾಗಿ ಯುಕೆಜಿ ಮುಗಿಸಿದ್ದರೆ ಸಾಕು ಅಂತ ಸಡಿಲಿಸಿದರು. ಅದಕ್ಕೂ ಮುಂಚೆ, 2024ರ ಜುಲೈನಲ್ಲಿ, ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುಮಾಡಿ ಅದಕ್ಕೊಂದು ಹೆಸರಿಟ್ಟರು: ಸರ್ಕಾರಿ ಮಾಂಟೆಸ್ಸರಿ.

ಮಾಂಟೆಸ್ಸರಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಬೋರ್ಡು. ಬೋರ್ಡಿದ್ದರೆ ಫೀಸು ಜಾಸ್ತಿ ಅಂತ ಅರ್ಥ. ಆ ಬೋರ್ಡಿನ ಹಿಂದೆ ಒಬ್ಬ ಡಾಕ್ಟರಮ್ಮ ಇದ್ದರು. ಎರಡನೇ ಮಹಾಯುದ್ಧದಲ್ಲಿ ಇದೇ ನಮ್ಮ ಪಕ್ಕದ ಮದರಾಸಿನಲ್ಲಿ ಬ್ರಿಟಿಷರ ಪಾಲಿಗೆ ಶತ್ರುದೇಶದ ಪ್ರಜೆಯಾಗಿ ನಿರ್ಬಂಧದಲ್ಲಿದ್ದವರು. ಮಗು ಶಾಲೆಗೆ ತಯಾರಾ ಅನ್ನೋ ನಮ್ಮ ಜೂನ್ ತಿಂಗಳ ಪ್ರಶ್ನೆಯನ್ನೇ ಜೀವನಪೂರ್ತಿ ಹಿಡಿದು ಕೂತವರು.

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಅನ್ನೋ ಸಣ್ಣ ಊರಲ್ಲಿ. ಅಪ್ಪ ಸರ್ಕಾರಿ ನೌಕರ. ಹೆಣ್ಣುಮಗಳು ಹೆಚ್ಚೆಂದರೆ ಟೀಚರ್ ಆಗಬಹುದು ಅನ್ನೋದು ಆ ಕಾಲದ ಮನೆಗಳ ಲೆಕ್ಕ. ಈಕೆ ಹುಡುಗರ ತಾಂತ್ರಿಕ ಶಾಲೆಗೆ ಹೋದರು, ಎಂಜಿನಿಯರ್ ಆಗ್ತೀನಿ ಅಂದರು, ಆಮೇಲೆ ಮನಸ್ಸು ಬದಲಿಸಿ ರೋಮ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಗಂಡಸರ ಜೊತೆ ಬೆತ್ತಲೆ ಶವದ ಮುಂದೆ ಹೆಣ್ಣು ನಿಲ್ಲುವುದು ಸಲ್ಲದು ಅನ್ನೋ ಕಾರಣಕ್ಕೆ ಕ್ಲಾಸೆಲ್ಲ ಖಾಲಿಯಾದ ಮೇಲೆ ಸಂಜೆ ಒಬ್ಬರೇ ಹೋಗಿ ಶವಚ್ಛೇದನ ಕಲಿತರು. 1896ರಲ್ಲಿ ಡಾಕ್ಟರಾದರು. ಇಟಲಿಯ ಮೊದಮೊದಲ ಮಹಿಳಾ ಡಾಕ್ಟರುಗಳ ಪಟ್ಟಿ ತೀರಾ ಚಿಕ್ಕದು, ಅದರಲ್ಲಿ ಈಕೆಯ ಹೆಸರಿದೆ. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳಾ ಸಮ್ಮೇಳನದಲ್ಲಿ ದುಡಿಯುವ ಹೆಂಗಸರಿಗೆ ಸಮಾನ ವೇತನ ಬೇಕು ಅಂತ ಮಾತಾಡಿದರು. ಈ ಸಂಗತಿ ನೆನಪಿಟ್ಟುಕೊಳ್ಳಿ, ಅಂಗನವಾಡಿಯ ಮಾತು ಬಂದಾಗ ಬೇಕಾಗುತ್ತದೆ.

ಡಾಕ್ಟರಾಗಿ ಅವರು ಕಾಲಿಟ್ಟಿದ್ದು ರೋಮ್‌ನ ಹುಚ್ಚಾಸ್ಪತ್ರೆಗಳಿಗೆ. ಬುದ್ಧಿಮಾಂದ್ಯರು ಅಂತ ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ದೊಡ್ಡ ರೋಗಿಗಳ ಜೊತೆಗೇ ಕೂಡಿಹಾಕುತ್ತಿದ್ದ ಕಾಲ. ಬರಿ ಗೋಡೆ, ಬರಿ ನೆಲ. ಕೈಗೆ ಹಿಡಿಯೋಕೆ ಒಂದು ವಸ್ತುವಿಲ್ಲ. ಇವರಿಗೆ ಬೇಕಿರುವುದು ಔಷಧಿಗಿಂತ ಹೆಚ್ಚಾಗಿ ಕೈಗೆ ಕೆಲಸ ಅನ್ನೋದು ಮಾಂಟೆಸ್ಸರಿಗೆ ಹೊಳೆಯಿತು. ಇಟಾರ್, ಸೆಗ್ಯಾಂ ಅನ್ನೋ ಇಬ್ಬರು ಫ್ರೆಂಚ್ ವೈದ್ಯರ ಹಳೆಯ ಬರಹಗಳನ್ನು ಹುಡುಕಿ ಓದಿದರು. 1900ರಲ್ಲಿ ಇಂಥ ಮಕ್ಕಳಿಗಾಗಿ, ಅವರಿಗೆ ಕಲಿಸುವ ಟೀಚರುಗಳಿಗಾಗಿ ರೋಮ್‌ನಲ್ಲಿ ಶುರುವಾದ ಸಂಸ್ಥೆಯನ್ನು ಡಾಕ್ಟರ್ ಜುಸೆಪ್ಪೆ ಮೊಂಟೆಸಾನೊ ಜೊತೆ ಸೇರಿ ನಡೆಸಿದರು. ಆ ಮಕ್ಕಳಲ್ಲಿ ಕೆಲವರು ಮಾಮೂಲಿ ಮಕ್ಕಳ ಜೊತೆ ಪರೀಕ್ಷೆ ಬರೆದು ಪಾಸಾದರು. ಊರೆಲ್ಲ ಇವರನ್ನು ಹೊಗಳಿತು. ಇವರ ತಲೆಯಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿತ್ತು. ದಡ್ಡರು ಅಂತ ಎಸೆದ ಮಕ್ಕಳು ಇಷ್ಟು ಮಾಡಿದರೆ, ಗಟ್ಟಿಮುಟ್ಟಾದ ಮಕ್ಕಳನ್ನು ಬೆಂಚಿಗೆ ಕಟ್ಟಿಹಾಕಿ ಅದೇ ಮಟ್ಟಕ್ಕೆ ಇಳಿಸಿರುವ ನಮ್ಮ ಶಾಲೆಗಳು ಮಾಡ್ತಿರೋದೇನು?

ಇದೇ ವರ್ಷಗಳಲ್ಲಿ ಇನ್ನೊಂದು ಕಥೆ ಗುಟ್ಟಾಗಿ ನಡೆದಿತ್ತು. 1898ರ ಮಾರ್ಚ್‌ನಲ್ಲಿ ಮಾಂಟೆಸ್ಸರಿಗೆ ಮೊಂಟೆಸಾನೊರಿಂದ ಒಬ್ಬ ಮಗ ಹುಟ್ಟಿದ. ಹೆಸರು ಮಾರಿಯೊ. ಮದುವೆ ಆಗಿರಲಿಲ್ಲ. ಕ್ಯಾಥೊಲಿಕ್ ಇಟಲಿಯಲ್ಲಿ ಮದುವೆಯಿಲ್ಲದೆ ತಾಯಾದ ಹೆಣ್ಣಿಗೆ ಡಾಕ್ಟರಿಕೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಮಗುವನ್ನು ಹಳ್ಳಿಯ ಒಂದು ಮನೆಗೆ ಸಾಕಲು ಕೊಟ್ಟರು. ಮೊಂಟೆಸಾನೊ ಬೇರೆಯವರನ್ನು ಮದುವೆಯಾದರು, ಅವರ ವೃತ್ತಿಗೇನೂ ಆಗಲಿಲ್ಲ. ಈಕೆ 1901ರಲ್ಲಿ ಸಂಸ್ಥೆಯನ್ನೇ ಬಿಟ್ಟು ಮತ್ತೆ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಮಗನನ್ನು ಆಗಾಗ ನೋಡಲು ಹೋಗುತ್ತಿದ್ದರು, ತಾನು ಯಾರು ಅಂತ ಹೇಳದೆ. ಮೂರರಿಂದ ಆರರವರೆಗಿನ ವಯಸ್ಸನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹತ್ತಿರದಿಂದ ನೋಡಿದ ಹೆಂಗಸಿಗೆ ಸ್ವಂತ ಮಗನ ಆ ವಯಸ್ಸು ನೋಡೋಕೆ ಸಿಗಲಿಲ್ಲ. ಇದನ್ನು ಆಕೆಯ ತಪ್ಪಿನ ಲೆಕ್ಕಕ್ಕೆ ಬರೆಯುವವರು ಇದ್ದಾರೆ. ಆ ಲೆಕ್ಕದಲ್ಲಿ ಅಪ್ಪನ ಹೆಸರು ಎಲ್ಲೂ ಬರೋದಿಲ್ಲ ಅನ್ನೋದು ಕುತೂಹಲದ ಸಂಗತಿ.

ಈಗ ಮುಖ್ಯ ಕಥೆಗೆ ಬರೋಣ. ರೋಮ್‌ನ ಸಾನ್ ಲೊರೆಂಜೊ ಕೂಲಿಕಾರರು ತುಂಬಿದ್ದ ಬಡಾವಣೆ. ಅಲ್ಲಿನ ವಠಾರಗಳನ್ನು ದುರಸ್ತಿ ಮಾಡಿಸಿದ ಒಂದು ಕಂಪನಿಗೆ ಒಂದು ತಲೆನೋವಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿ ಗೋಡೆ ಹಾಳು ಮಾಡ್ತಿದ್ದವು. ಮಕ್ಕಳ ಉದ್ಧಾರಕ್ಕೆ ಅಂತಲ್ಲ, ಗೋಡೆ ಉಳಿಸೋಕೆ ಒಂದು ರೂಮು ಕೊಟ್ಟರು. ಅದನ್ನು ನೋಡಿಕೊಳ್ಳಲು ಡಾಕ್ಟರಮ್ಮನನ್ನು ಕರೆದರು. 1907ರ ಜನವರಿ 6ರಂದು ಸುಮಾರು ಐವತ್ತು ಮಕ್ಕಳೊಂದಿಗೆ ಅದು ಶುರುವಾಯಿತು. ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ಮಕ್ಕಳ ಮನೆ.

ಪ್ರವೇಶಕ್ಕೆ ಪರೀಕ್ಷೆ ಇರಲಿಲ್ಲ, ಫೀಸೂ ಇರಲಿಲ್ಲ. ಆ ವಠಾರದಲ್ಲಿ ವಾಸವಿರಬೇಕು, ಮೂರರಿಂದ ಏಳರೊಳಗಿರಬೇಕು, ಅಷ್ಟೇ. ಷರತ್ತುಗಳಿದ್ದವು, ಆದರೆ ಹೆಚ್ಚಿನವು ತಾಯಂದಿರಿಗೆ: ಮಗುವಿಗೆ ಮೈ ತೊಳೆಸಿ ಶುಭ್ರ ಬಟ್ಟೆ ಹಾಕಿ ಕಳಿಸಬೇಕು, ವಾರಕ್ಕೊಮ್ಮೆಯಾದರೂ ಬಂದು ಟೀಚರ್ ಜೊತೆ ಮಾತಾಡಬೇಕು. ಟೀಚರ್ ಅಂದರೂ ತರಬೇತಿ ಪಡೆದವರಲ್ಲ, ಅದೇ ವಠಾರ ನೋಡಿಕೊಳ್ಳುವವನ ಮಗಳು. ಮಾಂಟೆಸ್ಸರಿ ಇದನ್ನು ಕೊರತೆ ಅಂತ ನೋಡಲಿಲ್ಲ. ಹಳೆಯ ಶಾಲೆಯ ಚಾಳಿ ಕಲಿಯದವರು ಮಗುವನ್ನು ಗಮನಿಸೋಕೆ ವಾಸಿ ಅನ್ನೋದು ಅವರ ನಿಲುವಾಗಿತ್ತು.

ಮಕ್ಕಳ ಎತ್ತರ, ತೂಕ ಅಳೆದು ಬರೆದಿಡುವ ವ್ಯವಸ್ಥೆ ಅಲ್ಲಿತ್ತು. ರೋಮ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಪಾಠ ಮಾಡಿದವರಲ್ಲವೇ, ಅಳೆಯೋದು ಅವರಿಗೆ ಅಭ್ಯಾಸ. ನಮ್ಮ ಕಿವಿ ಪರೀಕ್ಷೆಯ ಮೇಷ್ಟ್ರಿಗೆ ಅಷ್ಟರ ಮಟ್ಟಿಗೆ ದೂರದ ನೆಂಟರು. ಆದರೆ ಸಾನ್ ಲೊರೆಂಜೊದಲ್ಲಿ ಅವರು ನಿಜವಾಗಿ ಕಲಿತದ್ದು ಅಳತೆಯಿಂದಲ್ಲ, ಸುಮ್ಮನೆ ಕೂತು ನೋಡಿದ್ದರಿಂದ. ಸುಮಾರು ಮೂರು ವರ್ಷದ ಒಂದು ಹೆಣ್ಣುಮಗು ಮರದ ದಿಮ್ಮಿಯ ತೂತುಗಳಿಗೆ ಸಿಲಿಂಡರುಗಳನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿತ್ತು. ಸುತ್ತ ಮಕ್ಕಳಿಂದ ಹಾಡಿಸಿದರು, ಮಗುವನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅದು ತಲೆ ಎತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತನಗೆ ಸಾಕೆನಿಸಿದಾಗ ನಿಲ್ಲಿಸಿ, ನಿದ್ದೆಯಿಂದ ಎದ್ದಂತೆ ನಗುತ್ತಾ ನೋಡಿತು. ಮೂರರ ಮಗುವಿಗೆ ಗಮನ ನಿಲ್ಲಲ್ಲ ಅನ್ನೋ ಪಂಡಿತರ ಮಾತು ಅಲ್ಲಿಗೆ ಮುಗಿಯಿತು. ನಿಲ್ಲದಿರುವುದು ಬೇರೆಯವರು ಹೇರಿದ ಕೆಲಸದಲ್ಲಿ.

ಇನ್ನೊಂದು ದಿನ ಮೂಗು ಒರೆಸಿಕೊಳ್ಳೋದು ಹೇಗೆ ಅಂತ ಕರವಸ್ತ್ರ ಹಿಡಿದು ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿಬಿಟ್ಟರು. ಯಾಕೆ ಅಂತ ಯೋಚಿಸಿ. ಸಿಂಬಳ ಸುರಿಸ್ಕೊಂಡು ಬಂದೆ ಅಂತ ಬೈಸಿಕೊಂಡೇ ಬೆಳೆದ ಮಕ್ಕಳು ಅವು. ಬೈದವರು ನೂರು ಜನ, ಒರೆಸಿಕೊಳ್ಳೋದನ್ನ ಮರ್ಯಾದೆಯಿಂದ ಹೇಳಿಕೊಟ್ಟವರು ಅವತ್ತಿನ ತನಕ ಒಬ್ಬರಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ತಾರಸಿಯ ಮೇಲೆ ಐದು ವರ್ಷದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬಿಡಿಸು ಅಂದರು. ಬಿಡಿಸಿದ ಹುಡುಗ ಅದರ ಹೆಸರನ್ನೂ ಬರೆದುಬಿಟ್ಟ. ಬರೆಯೋಕೆ ಯಾರೂ ಕಲಿಸಿರಲಿಲ್ಲ. ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ, ಶಬ್ದ ಕೇಳಿ, ಪೆನ್ಸಿಲ್ ಹಿಡಿತ ಬೇರೆ ಆಟಗಳಲ್ಲಿ ಬಂದು, ಎಲ್ಲ ಒಳಗೊಳಗೇ ಸೇರಿಕೊಂಡಿತ್ತು. ಈ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತು. ಮಾಂಟೆಸ್ಸರಿಯ ಜೀವನದ ದೊಡ್ಡ ವಿಪರ್ಯಾಸವೂ ಇಲ್ಲೇ ಶುರು ಅನ್ನಿಸುತ್ತೆ. ಜಗತ್ತು ನೋಡಿದ್ದು ನಾಲ್ಕೈದು ವರ್ಷಕ್ಕೇ ಬರೆಯೋ ಮಗುವನ್ನ. ಆ ಬರಹದ ಹಿಂದೆ ಇದ್ದ ತಿಂಗಳುಗಳ ಕಾಯುವಿಕೆಯನ್ನ ನೋಡಲಿಲ್ಲ. ಇವತ್ತು ಮೂರೂವರೆ ವರ್ಷದ ಮಗುವಿನ ಬೆರಳು ಹಿಡಿದು ನಾಲ್ಕು ಗೆರೆ ಪುಸ್ತಕದಲ್ಲಿ ತಿದ್ದಿಸುವವರೂ ಇದೇ ಹೆಸರು ಹೇಳ್ತಾರೆ.

ಮಗು ತಯಾರಾಗಿದೆಯಾ ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿ ಎರಡು ಭಾಗ ಇವೆ. ಒಂದು, ಒಟ್ಟಾರೆ ತಯಾರು ಅಂತ ಯಾವ ಮಗುವೂ ಇರಲ್ಲ. ಡಚ್ ಜೀವಶಾಸ್ತ್ರಜ್ಞ ಹ್ಯೂಗೊ ಡಿ ವ್ರೀಸ್ ಅವರಿಂದ ಒಂದು ಕಲ್ಪನೆ ಪಡೆದು, ಮಗುವಿನಲ್ಲಿ ಒಂದೊಂದು ಸಾಮರ್ಥ್ಯಕ್ಕೆ ಒಂದೊಂದು ಹದ ಬರುತ್ತೆ ಅಂದರು. ಮಾತಿಗೆ ಒಂದು ಹದ, ವಸ್ತುಗಳನ್ನು ಓರಣವಾಗಿ ಇಡೋದಕ್ಕೆ ಇನ್ನೊಂದು, ಕೈಬೆರಳಿನ ಕೆಲಸಕ್ಕೆ ಮತ್ತೊಂದು. ರೈತರ ಮಕ್ಕಳಿಗೆ ಇದು ವಿವರಿಸಬೇಕಿಲ್ಲ. ಹದ ಬರೋಕೆ ಮುಂಚೆ ಬಿತ್ತಿದರೆ ಬೀಜ ನಷ್ಟ, ಹದ ದಾಟಿದ ಮೇಲೆ ಬಿತ್ತಿದರೂ ನಷ್ಟ. ಕ್ಯಾಲೆಂಡರ್ ನೋಡಿ ಅಲ್ಲ, ಮಣ್ಣು ಕೈಯಲ್ಲಿ ಹಿಡಿದು ನೋಡಬೇಕು. ತಾಯಿಯನ್ನು ಬಿಟ್ಟು ಕೆಲವು ಹೊತ್ತು ಇರುತ್ತಾ, ಯಾವುದಾದರೂ ಒಂದು ಕೆಲಸದಲ್ಲಿ ತಾನಾಗೇ ಮುಳುಗುತ್ತಾ, ಒಂದು ಸೂಚನೆ ಕೇಳಿ ಅದರಂತೆ ಮಾಡೋಕೆ ಹೋಗುತ್ತಾ ಅನ್ನೋದು ಆ ಮಣ್ಣು ನೋಡುವ ರೀತಿ. ಇದು ಹತ್ತು ನಿಮಿಷದ ಇಂಟರ್‌ವ್ಯೂನಲ್ಲಿ ಕಾಣಲ್ಲ. ಗುರುತಿಲ್ಲದ ಮೇಜಿನ ಮುಂದೆ ಗುರುತಿಲ್ಲದವರು ಕೇಳಿದರೆ ಮೂರರ ಮಗು ತನ್ನ ಹೆಸರನ್ನೂ ಹೇಳದೆ ಅಮ್ಮನ ಸೆರಗು ಹಿಡಿಯುತ್ತೆ, ಹಿಡಿಯಲೇಬೇಕು.

ಎರಡನೇ ಭಾಗ ಇನ್ನೂ ಮುಖ್ಯ. ತಯಾರಾಗಬೇಕಾದ್ದು ರೂಮು. ಮಗು ತಾನೇ ಎತ್ತಿ ಇಡಬಲ್ಲಷ್ಟು ಹಗುರವಾದ ಕುರ್ಚಿ, ಕೈಗೆಟಕುವ ಕಪಾಟು, ಎತ್ತರಕ್ಕೆ ಸರಿಯಾದ ಕೈ ತೊಳೆಯೋ ಜಾಗ. 1907ರಲ್ಲಿ ಇದು ಯಾರಿಗೂ ಹೊಳೆಯದ ಸಂಗತಿ. ಮತ್ತೆ, ಮೂರು ನಾಲ್ಕು ಐದು ವರ್ಷದ ಮಕ್ಕಳು ಒಂದೇ ರೂಮಲ್ಲಿ. ಇದನ್ನು ಅವರು ಜಾಗ ಸಾಲದೆ ಮಾಡಿದ್ದಲ್ಲ, ಕೊನೆಯವರೆಗೂ ಬಿಟ್ಟುಕೊಡದ ತತ್ವ ಅದು. ಮೂರರ ಮಗು ಐದರ ಮಗುವನ್ನು ನೋಡಿ ಕಲಿಯುತ್ತೆ, ಐದರದ್ದು ಮೂರರದಕ್ಕೆ ಕಲಿಸುತ್ತಾ ಗಟ್ಟಿಯಾಗುತ್ತೆ. ಹಾಗೆ ಕೂತಾಗ ಈ ಮಗು ತಯಾರಿಲ್ಲ ಅಂತ ವಾಪಸ್ ಕಳಿಸುವ ಸಂದರ್ಭವೇ ಬರೋದಿಲ್ಲ. ಅಕ್ಷರಕ್ಕೆ ತಯಾರಿಲ್ಲದ ಮಗು ಅವತ್ತು ಕಾಳು ಬಿಡಿಸುತ್ತೆ, ನೀರು ಹುಯ್ಯುತ್ತೆ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಹೆಸರು ಬಂತು, ದುಡ್ಡಿನ ವ್ಯವಹಾರವೂ ಬಂತು. ಆ ಮರದ ಉಪಕರಣಗಳು, ಟೀಚರ್ ತರಬೇತಿ ಎರಡರ ಮೇಲೂ ಮಾಂಟೆಸ್ಸರಿ ಬಿಗಿ ಹಿಡಿತ ಇಟ್ಟುಕೊಂಡರು. ತನ್ನ ಒಪ್ಪಿಗೆಯಿಲ್ಲದೆ ಯಾರೂ ತರಬೇತಿ ಕೊಡಕೂಡದು ಅಂದರು. 1913ರಲ್ಲಿ ಅಮೆರಿಕಕ್ಕೆ ಹೋದಾಗ ಸಿಕ್ಕಿದ ಸ್ವಾಗತ ದೊಡ್ಡದು. ಅದರ ಮರುವರ್ಷವೇ ಕೊಲಂಬಿಯಾದ ಪ್ರೊಫೆಸರ್ ಕಿಲ್‌ಪ್ಯಾಟ್ರಿಕ್, ಉಪಕರಣಗಳು ಮಗುವಿನ ಕಲ್ಪನೆಗೆ ಜಾಗ ಕೊಡುವುದಿಲ್ಲ ಅಂತ ಪುಸ್ತಕವನ್ನೇ ಬರೆದು ಟೀಕಿಸಿದರು. ಅಲ್ಲಿ ಉತ್ಸಾಹ ಬೇಗ ತಣ್ಣಗಾಯಿತು. ಸಣ್ಣ ಮಕ್ಕಳಿಗೆ ಅಜ್ಜಿಕಥೆ ಬೇಡ ಅನ್ನೋ ಅವರ ಹಟ ನನಗಂತೂ ಇವತ್ತಿಗೂ ಜೀರ್ಣವಾಗಲ್ಲ.

ಅದಕ್ಕಿಂತ ದೊಡ್ಡದು ಮುಸೊಲಿನಿ. 1924ರಿಂದ ಹತ್ತು ವರ್ಷ ಆ ಸರ್ವಾಧಿಕಾರಿಯ ಬೆಂಬಲದಲ್ಲಿ ಇಟಲಿಯ ಮಾಂಟೆಸ್ಸರಿ ಶಾಲೆಗಳು ನಡೆದವು. ಮಗುವಿನ ಸ್ವಾತಂತ್ರ್ಯದ ಬಗ್ಗೆ ಬರೆದವರು ಫ್ಯಾಸಿಸ್ಟರ ಹಣ ಪಡೆದಿದ್ದನ್ನು ಮುಚ್ಚಿಡೋಕಾಗಲ್ಲ. ರಾಜಕೀಯದಿಂದ ದೂರ ನಿಂತು ಮಕ್ಕಳ ಕೆಲಸ ಮಾಡ್ತೀನಿ ಅಂದುಕೊಂಡರು. ಸಣ್ಣ ಮಕ್ಕಳಿಗೆ ಸಮವಸ್ತ್ರ ಹಾಕಿ ಕವಾಯತು ಮಾಡಿಸುವ ಪ್ರಭುತ್ವದ ಜೊತೆ ದೂರ ನಿಲ್ಲೋ ಜಾಗ ಎಲ್ಲಿರುತ್ತೆ? 1934ಕ್ಕೆ ಸಂಬಂಧ ಕಡಿದುಹೋಯಿತು, ಅವರು ಇಟಲಿ ಬಿಟ್ಟರು. ಹಿಟ್ಲರನ ಜರ್ಮನಿಯಲ್ಲೂ ಅವರ ಶಾಲೆಗಳು ಮುಚ್ಚಿದವು. ಬಾರ್ಸಿಲೋನಾದಲ್ಲಿದ್ದಾಗ 1936ರಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದಲೂ ಹೊರಟು ನೆದರ್‌ಲ್ಯಾಂಡ್ಸ್ ಸೇರಿದರು. ಮಾರಿಯೊ ಜೊತೆಗಿದ್ದ. ಹದಿನೈದರ ವಯಸ್ಸಿಗೆ ತಾಯಿಯ ಬಳಿ ಬಂದವನು ಲೋಕದ ಕಣ್ಣಿಗೆ ಮಾತ್ರ ಸೋದರನ ಮಗನೋ ಸಾಕುಮಗನೋ ಆಗಿದ್ದ.

1939ರ ಕೊನೆಗೆ ಥಿಯಾಸಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿ ದೇವಿ ಕರೆದರು ಅಂತ ಮದರಾಸಿನ ಅಡ್ಯಾರ್‌ಗೆ ಬಂದರು. ವಯಸ್ಸು 69. ಕೆಲವು ತಿಂಗಳ ಮಟ್ಟಿಗೆ ಅಂತ ಬಂದವರು. ಗರಿ ಹೊದಿಸಿದ ಗುಡಿಸಲುಗಳಲ್ಲಿ ಸುಮಾರು 300 ಜನಕ್ಕೆ ತರಬೇತಿ ನಡೆಯಿತು. ಇವರು ಇಟಾಲಿಯನ್‌ನಲ್ಲಿ ಮಾತಾಡೋದು, ಮಾರಿಯೊ ಇಂಗ್ಲಿಷಿಗೆ ಹೇಳೋದು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ರಾತ್ರಿ ಬೆಳಗಾಗುವುದರಲ್ಲಿ ಅತಿಥಿಗಳು ಶತ್ರುಗಳಾದರು. ಮಾರಿಯೊನನ್ನು ಬಂದಿಗಳ ಶಿಬಿರಕ್ಕೆ ಒಯ್ದರು, ತಾಯಿಗೆ ಅಡ್ಯಾರ್ ಬಿಟ್ಟು ಹೋಗಬಾರದು ಅಂದರು. ಆಗಸ್ಟ್ 31ಕ್ಕೆ ಆಕೆಗೆ 70 ತುಂಬಿತು. ವೈಸ್‌ರಾಯ್ ಹುಟ್ಟುಹಬ್ಬದ ಉಡುಗೊರೆ ಅಂತ ಮಾರಿಯೊನನ್ನು ಬಿಡುಗಡೆ ಮಾಡಿ, ಆ ಸಂದೇಶದಲ್ಲಿ ಅವನನ್ನು ಆಕೆಯ ಮಗ ಅಂತಲೇ ಕರೆದರು. ನಲವತ್ತೆರಡು ವರ್ಷ ಇಟಲಿ ಹೇಳಗೊಡದ ಮಾತು ಬ್ರಿಟಿಷ್ ಸಾಮ್ರಾಜ್ಯದ ಒಂದು ಟಪಾಲಿನಲ್ಲಿ ಹೊರಬಿತ್ತು.

ಆಮೇಲಿನ ವರ್ಷಗಳು ಕೊಡೈಕೆನಾಲ್‌ನಲ್ಲಿ, ಅಹಮದಾಬಾದ್‌ನಲ್ಲಿ, ಸಿಲೋನ್‌ನಲ್ಲಿ. ಸಾವಿರಕ್ಕೂ ಹೆಚ್ಚು ಟೀಚರುಗಳು ಅವರ ಕೈಯಲ್ಲಿ ತಯಾರಾದರು. ಕೊಡೈಕೆನಾಲ್‌ನ ಬೆಟ್ಟದಲ್ಲಿ ಗಿಡ, ಹುಳು, ಕಲ್ಲುಗಳ ನಡುವೆ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಬಿಟ್ಟು ನೋಡಿದರು. ಕಂಕುಳಲ್ಲಿ ಕೂಸು ಕೂರಿಸಿಕೊಂಡು ಸಂತೆ, ಹೊಲ, ದೇವಸ್ಥಾನ ಎಲ್ಲ ಸುತ್ತುವ ನಮ್ಮ ತಾಯಂದಿರನ್ನು ಕಂಡು, ಮಗು ಹುಟ್ಟಿದ ದಿನದಿಂದಲೇ ಸುತ್ತಲಿನ ಲೋಕವನ್ನು ಹೀರಿಕೊಳ್ಳುತ್ತೆ ಅನ್ನೋ ವಿಚಾರವನ್ನು ಇಲ್ಲೇ ಬೆಳೆಸಿದರು. ಅವರ ಕೊನೆಯ ಮುಖ್ಯ ಪುಸ್ತಕ ಅಹಮದಾಬಾದಿನ ಉಪನ್ಯಾಸಗಳಿಂದ ಹುಟ್ಟಿ 1949ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು.

1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೂರ್ಡ್‌ವೈಕ್‌ನಲ್ಲಿ, 81ನೇ ವಯಸ್ಸಿನಲ್ಲಿ, ಆಫ್ರಿಕಾಕ್ಕೆ ಹೋಗಿ ಟೀಚರುಗಳಿಗೆ ತರಬೇತಿ ಕೊಡುವ ಮಾತಾಡುತ್ತಲೇ ತೀರಿಕೊಂಡರು. ಉಯಿಲಿನಲ್ಲಿ ಮಾರಿಯೊ ಮಗನಾಗಿದ್ದ.

ಆದರೆ ಸಾನ್ ಲೊರೆಂಜೊದ ಆ ರೂಮು ಮಂಡ್ಯದ ಹಳ್ಳಿಗೆ ಬಂದದ್ದು ಮಾಂಟೆಸ್ಸರಿ ತರಬೇತಿ ಪಡೆದ ಪಟ್ಟಣದ ಟೀಚರುಗಳಿಂದಲ್ಲ. 1931ರಲ್ಲಿ ಲಂಡನ್ನಿನ ಮಾಂಟೆಸ್ಸರಿ ಕಾಲೇಜಿಗೆ ಹೋದ ಗಾಂಧಿ, ಇದು ಬಡವರ ಮಕ್ಕಳಿಗೂ ಸಿಗಬೇಕಲ್ಲ ಅನ್ನೋ ಆಸೆಯನ್ನು ಅಲ್ಲೇ ಹೇಳಿದ್ದರು. ಅದನ್ನು ಮಾಡಿ ತೋರಿಸಿದವರು ತಾರಾಬಾಯಿ ಮೋಡಕ್. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜೊತೆ ಮಾಂಟೆಸ್ಸರಿ ಪದ್ಧತಿಯನ್ನು ಹಾಡು, ಕಥೆ, ನಾಟಕದೊಂದಿಗೆ ನಮ್ಮದಾಗಿಸಿದ ಆಕೆ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಹಳ್ಳಿಗೆ ಹೋದರು. ಬಾಲವಾಡಿ ತೆರೆದರೆ ಬಡವರ ಕೇರಿಯ ಮಕ್ಕಳು ಬರಲಿಲ್ಲ. ಮಕ್ಕಳು ತಯಾರಿಲ್ಲ ಅಂತ ಬರೆದುಕೊಂಡು ಕೂರಬಹುದಿತ್ತು. ತಾರಾಬಾಯಿ ಮತ್ತು ಅನುತಾಯಿ ವಾಘ್ ಬಾಲವಾಡಿಯನ್ನೇ ಎತ್ತಿಕೊಂಡು ಆ ಕೇರಿಯ ಅಂಗಳಕ್ಕೆ ಹೋದರು. ದುಬಾರಿ ಮರದ ಉಪಕರಣಗಳ ಬದಲು ಬೀಜ, ಚಿಪ್ಪು, ಕಲ್ಲು. ಅಂಗಳದಲ್ಲಿ ನಡೆದದ್ದರಿಂದ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಯೋಜನೆ ಶುರುವಾದಾಗ ಆ ಹೆಸರನ್ನೇ ಇಟ್ಟರು. ಕರ್ನಾಟಕದ ಮೊದಲ ಅಂಗನವಾಡಿಗಳು ಮಳವಳ್ಳಿಗೆ ಹೊಂದಿಕೊಂಡ ಟಿ. ನರಸೀಪುರ ತಾಲ್ಲೂಕಿನವು.

ಈಗ ಹೋಲಿಸಿ ನೋಡಿ. ಅದೇ ಊರಿನ, ಅದೇ ಬೀದಿಯ ಹೆಣ್ಣುಮಗಳು ಟೀಚರ್. ಪ್ರವೇಶ ಪರೀಕ್ಷೆ ಇಲ್ಲ, ಫೀಸಿಲ್ಲ. ಎತ್ತರ ತೂಕ ಅಳೆದು ಬರೆಯುವ ಪುಸ್ತಕ. ಮೂರರಿಂದ ಆರರವರೆಗಿನ ಮಕ್ಕಳು ಒಂದೇ ರೂಮಲ್ಲಿ. ಬೋರ್ಡಿಲ್ಲದಿದ್ದರೂ ಆತಗೂರಿನಂಥ ಊರಿನ ಅಂಗನವಾಡಿಯ ಎಲುಬುಗಳು ಸಾನ್ ಲೊರೆಂಜೊದವು. ಇಲ್ಲದ್ದು ಕೈಗೆಟಕುವ ಕಪಾಟು, ಹಗುರ ಕುರ್ಚಿ, ಆಟದ ವಸ್ತು. ಇದ್ದರೂ ಬೀರುವಿನೊಳಗೆ ಬೀಗ ಹಾಕಿಟ್ಟಿರೋದು ಉಂಟು. ಕಾರ್ಯಕರ್ತೆಗೆ ಮಕ್ಕಳ ಪಕ್ಕ ಕೂರೋಕೆ ಹೊತ್ತಿಲ್ಲ. ಪೌಷ್ಟಿಕ ಆಹಾರ, ಗರ್ಭಿಣಿಯರ ಪಟ್ಟಿ, ಮೊಬೈಲಿನಲ್ಲಿ ಅಪ್‌ಲೋಡು, ಚುನಾವಣೆ ಬಂದರೆ ಮತದಾರರ ಪಟ್ಟಿ. ಇಷ್ಟಕ್ಕೂ ಸಿಗೋದು ಸಂಬಳ ಅಲ್ಲ, ಗೌರವಧನ. ಗ್ರಾಚ್ಯುಟಿಗೂ ಇವರು ಅರ್ಹರು ಅನ್ನಿಸಿಕೊಳ್ಳಲು 2022ರ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು. ಬರ್ಲಿನ್‌ನಲ್ಲಿ ಸಮಾನ ವೇತನ ಕೇಳಿದ ಹೆಂಗಸಿನ ಹೆಸರನ್ನು ಬೋರ್ಡಿಗೆ ಹಾಕುವವರು ಈ ಗೌರವಧನದ ಕಡತವನ್ನೂ ಒಮ್ಮೆ ತೆರೆಯಲಿ.

ಕಾನೂನಿನ ಮಾತೂ ಇದೆ. 1950ರ ಸಂವಿಧಾನದ 45ನೇ ವಿಧಿ 14 ವರ್ಷದೊಳಗಿನ ಎಲ್ಲ ಮಕ್ಕಳನ್ನೂ ಒಳಗೊಂಡಿತ್ತು. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು, ಆದರೆ ಆರರಿಂದ ಹದಿನಾಲ್ಕಕ್ಕೆ ಮಾತ್ರ. ಆರರೊಳಗಿನವರಿಗೆ ಉಳಿದದ್ದು ಸರ್ಕಾರ ಪ್ರಯತ್ನಿಸಬೇಕು ಅನ್ನೋ ಒಂದು ಸಾಲು. ಎಲ್‌ಕೆಜಿ ವ್ಯಾಪಾರ ನಿಂತಿರೋದು ಆ ಖಾಲಿ ಜಾಗದಲ್ಲೇ. ಇನ್ನೊಂದು ಕಡೆ, ಯುಕೆಜಿ ಮುಗಿಸಿದ್ದರೆ ಏಳು ತಿಂಗಳು ಮುಂಚೆಯೇ ಒಂದನೇ ಕ್ಲಾಸು ಅನ್ನೋ ಸಡಿಲಿಕೆ ಯಾರ ಒತ್ತಡಕ್ಕೆ ಬಂತು ಅಂತ ನೋಡಿ. ಮಕ್ಕಳನ್ನು ಬೇಗ ಬೇಗ ಎಲ್‌ಕೆಜಿಗೆ ಸೇರಿಸಿದ್ದ ಪೋಷಕರಿಗೆ ಒಂದು ವರ್ಷದ ಫೀಸು ದಂಡವಾಗುತ್ತೆ ಅನ್ನೋ ಆತಂಕ ಅದು. ಅವರ ಆತಂಕ ಸುಳ್ಳಲ್ಲ. ಆದರೆ ಆ ಚರ್ಚೆಯಲ್ಲಿ ಐದೂವರೆ ವರ್ಷದ ಮಗು ಏನು ಮಾಡ್ತಿದೆ ಅಂತ ಕೂತು ನೋಡಿದವರು ಕಾಣಲಿಲ್ಲ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಶುರುವಾದರೆ ಅಂಗನವಾಡಿ ಖಾಲಿಯಾಗುತ್ತೆ ಅಂತ ಕಾರ್ಯಕರ್ತೆಯರು ಬೀದಿಗಿಳಿದರು. ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ಅನ್ನೋ ತೀರ್ಮಾನ ಬಂದದ್ದು ಆ ಹೋರಾಟದಿಂದ, ಅದು ಅವರ ಗೆಲುವು. ಮದ್ದೂರು, ಮಳವಳ್ಳಿ ಕಡೆಯ ಅಂಗನವಾಡಿಗಳಿಗೂ ಒಂದಲ್ಲ ಒಂದು ದಿನ ಆ ಹೊಸ ಬೋರ್ಡು ಬರಬಹುದು. ಬಂದ ದಿನ ಊರಿನ ಯುವಕರು, ಗ್ರಾಮ ಪಂಚಾಯ್ತಿ ಸದಸ್ಯರು ಗ್ರಾಮಸಭೆಯಲ್ಲಿ ಕೇಳಬೇಕಾದ ವಿಷಯಗಳು ದೊಡ್ಡವಲ್ಲ. ಬೀರುವಿನ ಬೀಗ ತೆಗೆದಿದ್ದಾರಾ? ಕೈ ತೊಳೆಯೋ ನಲ್ಲಿ ಮಗುವಿಗೆ ಎಟಕುತ್ತಾ? ಸಹಾಯಕಿಯ ಹುದ್ದೆ ಭರ್ತಿ ಇದೆಯಾ? ಮೂರು ವರ್ಷದವರನ್ನು ಎಲ್‌ಕೆಜಿ ಅಂತ, ಐದರವರನ್ನು ಯುಕೆಜಿ ಅಂತ ನಡುವೆ ಗೋಡೆ ಎಬ್ಬಿಸ್ತಾರಾ, ಇಲ್ಲ ಈಗ ಇರೋ ಹಾಗೆ ತಮ್ಮ ಅಕ್ಕನ ಪಕ್ಕದಲ್ಲೇ ಕೂರ್ತಾನಾ?